ತಲೆಪೆಟ್ಟಿನ ರಕ್ತಸ್ರಾವಕ್ಕೆ ಮೊದಲ ಮದ್ದು: ಟ್ರಾನೆಕ್ಸಾಮಿಕ್ ಆಸಿಡ್‌ನ ಚರಿತ್ರೆ ಮತ್ತು ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕು

ತಲೆಪೆಟ್ಟಿನ ಔಷಧೋಪಚಾರದ ಚರಿತ್ರೆಯಲ್ಲಿ ಮೊದಲು ಸಿಗುವುದು ಒಂದು ದೊಡ್ಡ ಸೋಲು. ಮಿದುಳಿನ ಊತ ಇಳಿಯಲೆಂದು ದಶಕಗಳ ಕಾಲ ಸ್ಟೀರಾಯ್ಡ್ ಕೊಡುತ್ತಿದ್ದರು. 10,008 ಗಾಯಾಳುಗಳ ‘ಕ್ರ್ಯಾಶ್’ ಪ್ರಯೋಗ 2004ರಲ್ಲಿ ಆ ನಂಬಿಕೆಯನ್ನು ಮುರಿಯಿತು. ಎರಡು ವಾರದೊಳಗೆ ತೀರಿಕೊಂಡವರು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9.

ಆಮೇಲೆ ಕಣ್ಣಿಗೆ ಬಿದ್ದ ಟ್ರಾನೆಕ್ಸಾಮಿಕ್ ಆಸಿಡ್ ಹೊಸದೇನಲ್ಲ. ಜಪಾನಿನ ಉತಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ 1962ರಲ್ಲೇ ಅದನ್ನು ಪ್ರಕಟಿಸಿದ್ದರು. ಉತಾಕೊ ಬಯಸಿದ್ದು ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವುದನ್ನು. ಪ್ರಸೂತಿ ವೈದ್ಯರು ಕಿವಿಗೊಡಲಿಲ್ಲ. ಮದ್ದು ಹಲ್ಲು ಕೀಳುವಲ್ಲಿ, ಮುಟ್ಟಿನ ಅತಿಸ್ರಾವದಲ್ಲಿ ಬಳಕೆಯಾಗುತ್ತ ಉಳಿಯಿತು. ಗಾಯದ ಬಾಯಲ್ಲಿ ಕಟ್ಟಿದ ಹೆಪ್ಪನ್ನು ದೇಹವೇ ಕರಗಿಸದಂತೆ ಇದು ತಡೆಯುತ್ತದೆ, ಅಷ್ಟೆ. ಆಗಲೇ ತಲೆಬುರುಡೆಯೊಳಗೆ ತುಂಬಿದ ರಕ್ತವನ್ನು ಹಿಂತೆಗೆಯಲಾರದು.

ಈ ಮದ್ದನ್ನೇ ಪರೀಕ್ಷಿಸಿದ 2010ರ ಕ್ರ್ಯಾಶ್-2ರಲ್ಲಿ 20,211 ಗಾಯಾಳುಗಳಿದ್ದರು, ಸಾವು ಶೇ. 16ರಿಂದ 14.5ಕ್ಕೆ ಇಳಿಯಿತು. ಮರುವರ್ಷದ ವಿಶ್ಲೇಷಣೆಯಲ್ಲಿ, ಪೆಟ್ಟಾಗಿ ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಹಾನಿಯೇ ಆಗಬಹುದೆಂದು ಕಂಡಿತು. ಕ್ರ್ಯಾಶ್-2ರೊಳಗೇ ಮಿದುಳಿನ ರಕ್ತಸ್ರಾವವನ್ನು ಅಳೆದ ಒಂದು ಚಿಕ್ಕ ಅಧ್ಯಯನ ಭಾರತ ಮತ್ತು ಕೊಲಂಬಿಯಾದ 10 ಆಸ್ಪತ್ರೆಗಳ 270 ರೋಗಿಗಳಲ್ಲಿ ನಡೆಯಿತು. ಉತ್ತರ ಆಶಾದಾಯಕ, ಆದರೆ ಅಪೂರ್ಣ. ಪೂರ್ಣ ಉತ್ತರಕ್ಕಾಗಿ 29 ದೇಶಗಳ 12,737 ಮಂದಿಯ ಕ್ರ್ಯಾಶ್-3 ಬೇಕಾಯಿತು. 2019ರ ಅದರ ಫಲಿತಾಂಶವನ್ನು ಅನೇಕರು ಅರ್ಧವೇ ಓದುತ್ತಾರೆ. ಮೂರು ಗಂಟೆಯೊಳಗೆ ಮದ್ದು ಸಿಕ್ಕ ಸಾಧಾರಣ ಮತ್ತು ಮಧ್ಯಮ ಪೆಟ್ಟಿನವರಲ್ಲಿ ತಲೆಪೆಟ್ಟಿನ ಸಾವು ಶೇ. 7.5ರಿಂದ 5.8ಕ್ಕೆ ಇಳಿಯಿತು, ತೀವ್ರ ಪೆಟ್ಟಿನವರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ರಕ್ತನಾಳ ಕಟ್ಟಿಕೊಳ್ಳುವ ತೊಂದರೆ ಹೆಚ್ಚಲಿಲ್ಲ. ಆಸ್ಪತ್ರೆಗೆ ಮುಂಚೆಯೇ ಕೊಟ್ಟ ಉತ್ತರ ಅಮೆರಿಕದ 2020ರ ಪ್ರಯೋಗದಲ್ಲಿ ಆರು ತಿಂಗಳ ಚೇತರಿಕೆ ಸುಧಾರಿಸಲಿಲ್ಲವೆಂಬುದನ್ನೂ ಮರೆಯಬಾರದು.

ಈ ಚರಿತ್ರೆಯನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ನಿಂತು ಓದಿದರೆ ತೊಡಕು ಬೇರೆಯೇ. ಹುಣಸೂರಿನಿಂದ ಮೈಸೂರು ಸುಮಾರು 45 ಕಿ.ಮೀ.; ಪಿರಿಯಾಪಟ್ಟಣ ಇನ್ನೂ ಆಚೆ. ಕೇರಳದ ಗಡಿಯ ಡಿ.ಬಿ. ಕುಪ್ಪೆಯವರು ಎಚ್.ಡಿ. ಕೋಟೆಗೆ ಬರಲಿಕ್ಕೇ ಕಾಡು ದಾಟಬೇಕು. 2008ರಿಂದ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡುತ್ತಿದ್ದರೂ ದೂರ ಕಡಿಮೆಯಾಗುವುದಿಲ್ಲ. ಸಾಧಾರಣ ಪೆಟ್ಟಿನೊಳಗಿನ ರಕ್ತಸ್ರಾವ ತಿಳಿಯಲು ಸಿಟಿ ಸ್ಕ್ಯಾನ್ ಬೇಕು. ಮಧ್ಯಮ ಪೆಟ್ಟಿನಲ್ಲಿ ಈ ಮದ್ದು ಕೊಡಲು ಅದು ಬೇಡ: ಕಣ್ಣು, ಮಾತು, ಕೈಕಾಲಿನ ಸ್ಪಂದನೆಗೆ ಅಂಕ ಕೊಡುವ 1974ರ ಗ್ಲ್ಯಾಸ್ಗೋ ಅಳತೆಯಲ್ಲಿ 9ರಿಂದ 12 ಬಂದರೆ ಸಾಕು, ಕ್ರ್ಯಾಶ್-3 ಅಂಥವರನ್ನು ಸ್ಕ್ಯಾನ್ ಇಲ್ಲದೆಯೇ ಸೇರಿಸಿಕೊಂಡಿತ್ತು. ಮಂಪರಿನಲ್ಲಿ ಏನೇನೋ ಬಡಬಡಿಸುವ ಬೈಕ್ ಸವಾರನನ್ನು ಕುಡಿದಿದ್ದಾನೆಂದು ಬದಿಗೆ ಮಲಗಿಸಿದರೆ, ಲಾಭ ಪಡೆಯಬಲ್ಲವನೇ ಕೈತಪ್ಪುತ್ತಾನೆ. ಹಾಗಾಗಿ ಮೊದಲ ಡೋಸ್ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕೆಂಬುದು ನನ್ನ ವಾದ. 1 ಗ್ರಾಂ, 10 ನಿಮಿಷದಲ್ಲಿ, ರಕ್ತನಾಳಕ್ಕೆ. ಎಂಟು ಗಂಟೆಯ ಎರಡನೇ ಗ್ರಾಂ ಮೈಸೂರಿನ ದಾರಿಯುದ್ದಕ್ಕೂ ಹನಿಯುತ್ತ ಹೋಗಬಹುದು.