ಬಳ್ಳಿಗಾವೆಯ ಅನ್ನ, ಬಂದಳಿಕೆಯ ಉಪವಾಸ, ಅಕ್ಕನ ಸೂಜಿ

ಹೋದ ಮಳೆಗಾಲದಲ್ಲಿ ಸೊರಬದಿಂದ ಅಕ್ಕನ ಫೋನು ಬಂತು. ಶಿವಮೊಗ್ಗದ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟಿದ್ದಾರಂತೆ. ಸಕ್ಕರೆ ಕಾಯಿಲೆಗೂ ಆಗುತ್ತದೆ, ಹಸಿವು ಕಡಿಮೆಯಾಗಿ ತೂಕವೂ ಇಳಿಯುತ್ತದೆ ಎಂದರಂತೆ. ಅಕ್ಕನಿಗೆ ಐವತ್ತೆರಡು ವರ್ಷ, ಎಂಬತ್ತೆಂಟು ಕೆ.ಜಿ., ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದುಕೊಳ್ಳುತ್ತದೆ. "ನೀ ಓದ್ದವ್ನಲ್ಲ ತಮ್ಮಾ, ತಗಳ್ಲಾ ಬ್ಯಾಡ್ವಾ ಹೇಳು" ಅಂದಳು. ನಾನು ಓದಿದ್ದು ಇತಿಹಾಸ. ಅಕ್ಕನ ಲೆಕ್ಕದಲ್ಲಿ ಓದು ಅಂದರೆ ಓದು, ಅದರಲ್ಲಿ ಜಾತಿಯಿಲ್ಲ.

ಆ ವಾರ ಬಸ್ಸು ಹತ್ತಿ ಹೊರಟೆ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಶಿರಾಳಕೊಪ್ಪ. ಅದರ ಮಗ್ಗುಲಲ್ಲೇ ಬಳ್ಳಿಗಾವೆ. ಪ್ರತಿ ಸಲದಂತೆ ಇಳಿದುಬಿಟ್ಟೆ. ಕೇದಾರೇಶ್ವರ ದೇವಾಲಯದ ಅಂಗಳದಲ್ಲಿ ಕೂತರೆ, 12ನೇ ಶತಮಾನದಲ್ಲಿ ಇಲ್ಲಿ ಒಂದು ದೊಡ್ಡ ಮಠವಿತ್ತು ಎಂದು ನಂಬುವುದೇ ಕಷ್ಟ. ಅದು ಕೋಡಿಯ ಮಠ, ಕಾಳಾಮುಖ ಯತಿಗಳದ್ದು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಈ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಉದ್ದಕ್ಕೆ ಪಟ್ಟಿ ಮಾಡುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅದನ್ನು ಅಚ್ಚು ಹಾಕಿಸಿದ. ನಾಲ್ಕು ವೇದ, ಪಾಣಿನಿಯಿಂದ ಹಿಡಿದು ಹಲವು ವ್ಯಾಕರಣ, ಆರು ದರ್ಶನ, ಇವೆಲ್ಲ ಓದಿಸುವ ಜಾಗ ಎಂದು ಶುರುವಾಗುವ ಪಟ್ಟಿ ಮುಂದೆ ಹೋಗುತ್ತ ಊಟಕ್ಕೆ ಬರುತ್ತದೆ. ಬಡವರಿಗೆ, ಗತಿಯಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ಬಗೆಬಗೆಯ ಸನ್ಯಾಸಿಗಳಿಗೆ ಅಲ್ಲಿ ಅನ್ನ. ಆಮೇಲೆ ಇನ್ನೊಂದು ಮಾತು: ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಜಾಗ. ಅದರ ಜೊತೆಗೇ, ಎಲ್ಲ ಜೀವಿಗಳಿಗೂ ಅಭಯ ಸಿಗುವ ಜಾಗ.

ಕನ್ನಡ ಎಂ.ಎ. ಮಾಡಿದವರೆಲ್ಲ ಈ ಶಾಸನವನ್ನು ವಿದ್ಯಾಕೇಂದ್ರದ ಸಾಕ್ಷಿಯಾಗಿ ಓದಿರುತ್ತಾರೆ. ನಾನೂ ಹಾಗೇ ಓದಿದ್ದೆ. ಆವತ್ತು ಅಕ್ಕನ ಪ್ರಶ್ನೆ ತಲೆಯಲ್ಲಿದ್ದುದರಿಂದ ಬೇರೆಯದೇ ಕಾಣಿಸಿತು. ಔಷಧಿ ಯಾರಿಗೆ ಸಿಗಬೇಕು ಅನ್ನುವುದಕ್ಕೆ ಈ ಸೀಮೆಯಲ್ಲಿ ಎಂಟೂವರೆ ಶತಮಾನದ ಹಿಂದೆಯೇ ಒಂದು ಉತ್ತರ ಕೆತ್ತಿಟ್ಟಿದ್ದಾರೆ. ಅನ್ನವಿದ್ದ ಸೂರಿನಡಿಯೇ ಮದ್ದು, ಅದೂ ಕೊಳ್ಳಲಾರದವನಿಗೆ.

ಆದರೆ ಆ ಮಠದ ಬಾಗಿಲಿಗೆ ಬರುತ್ತಿದ್ದವರ ರೋಗದ ಬೇರು ಬಹುಪಾಲು ಹಸಿವಿನಲ್ಲೇ ಇದ್ದಿರಬೇಕು. ಹಸಿವನ್ನು ಕಡಿಮೆ ಮಾಡುವ ಮದ್ದು ಎಂದರೆ ಅವರು ನಕ್ಕುಬಿಡುತ್ತಿದ್ದರು.

ಈ ನಾಡಿನಲ್ಲಿ ಹಸಿವನ್ನು ತಾವಾಗಿ ಕಟ್ಟಿದವರೂ ಇದ್ದರು. ಬಳ್ಳಿಗಾವೆಯ ಹತ್ತಿರದ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಹಸಿವನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸಿದ್ದಾಳೆ. ಅವಳಿಗೂ ಸುಮಾರು ಇನ್ನೂರೈವತ್ತು ವರ್ಷ ಹಿಂದೆ, ಇದೇ ತಾಲ್ಲೂಕಿನ ಬಂದಳಿಕೆಯಲ್ಲಿ ಜಕ್ಕಿಯಬ್ಬೆ ಇದ್ದಳು. ರಾಷ್ಟ್ರಕೂಟರ ಕಾಲ, 10ನೇ ಶತಮಾನದ ಆರಂಭ. ಇವತ್ತಿನ ಶಿಕಾರಿಪುರ, ಸೊರಬದ ಭಾಗಗಳು ಸೇರಿದ್ದ ನಾಗರಖಂಡ ಎಪ್ಪತ್ತಕ್ಕೆ ಅವಳ ಗಂಡ ಸತ್ತರಸ ನಾಗಾರ್ಜುನ ನಾಳ್ಗಾವುಂಡ. ಅವನು ಸತ್ತ ಮೇಲೆ ಆ ಹುದ್ದೆಯನ್ನು ಹೆಂಡತಿಗೇ ಕೊಟ್ಟರು. ಹೆಣ್ಣಾಗಿದ್ದೂ ನಾಡನ್ನು ಸಮರ್ಥವಾಗಿ ಆಳಿದಳು ಎಂದು ಶಾಸನ ಹೊಗಳುತ್ತದೆ. ಆಮೇಲೆ ಮೈಗೆ ರೋಗ ಬಂತು. ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಸೊರಬ ತಾಲ್ಲೂಕಿನ ಹಿರೇಆವಲಿಗೆ ಹೋದರೆ, ಹೀಗೇ ದೇಹ ಬಿಟ್ಟವರ ನಿಸಿದಿ ಕಲ್ಲುಗಳು ಸಾಲಾಗಿ ಸಿಗುತ್ತವೆ. ಅದರಲ್ಲಿ ಹೆಂಗಸರೂ ಇದ್ದಾರೆ.

ಈ ವ್ರತದ ಹೆಸರು ಸಲ್ಲೇಖನ. ಸತ್ ಮತ್ತು ಲೇಖನ. ಲಿಖ್ ಎಂಬ ಧಾತುವಿಗೆ ಮೊದಲ ಅರ್ಥ ಗೀರುವುದು, ಕೆರೆಯುವುದು. ಓಲೆಯ ಮೇಲೆ ಗೀರಿದ್ದರಿಂದ ಬರೆಯುವುದು ಲೇಖನವಾಯಿತು, ನಾನೀಗ ಬರೆಯುತ್ತಿರುವುದೂ ಅದೇ. ಜೈನರ ಮಾತಿನಲ್ಲಿ ಕಾಯವನ್ನೂ ಕಷಾಯವನ್ನೂ, ಅಂದರೆ ಕ್ರೋಧ ಮಾನ ಮಾಯೆ ಲೋಭಗಳನ್ನೂ, ಕ್ರಮವಾಗಿ ಕೆರೆದು ತೆಳುಮಾಡುವುದು ಸಲ್ಲೇಖನ. ಇದೇ ಪದ ವೈದ್ಯದಲ್ಲೂ ಇದೆ ಎಂದು ನನಗೆ ಗೊತ್ತಾಗಿದ್ದು ತಡವಾಗಿ. ಚರಕಸಂಹಿತೆಯ ಸೂತ್ರಸ್ಥಾನದ 4ನೇ ಅಧ್ಯಾಯದಲ್ಲಿ ಹತ್ತತ್ತು ಮೂಲಿಕೆಗಳ ಐವತ್ತು ಗುಂಪುಗಳಿವೆ. ಮೂರನೆಯದು ಲೇಖನೀಯ, ಮೈಯ ಕೊಬ್ಬನ್ನು ಕೆರೆದು ತೆಗೆಯುವಂಥವು. ಕೊನ್ನಾರಿಗೆಡ್ಡೆ, ಅರಿಶಿನ, ಮರದರಿಶಿನ, ಬಜೆ, ಚಿತ್ರಮೂಲ ಎಲ್ಲ ಆ ಪಟ್ಟಿಯಲ್ಲಿವೆ. ಆ ಗುಂಪುಗಳಿಗೆ ಚರಕ ಕೊಟ್ಟ ಹೆಸರು ಮಹಾಕಷಾಯ. ಒಬ್ಬರಿಗೆ ಕಷಾಯ ಕೆರೆಯಬೇಕಾದ್ದು, ಇನ್ನೊಬ್ಬರಿಗೆ ಕೆರೆಯುವಂಥದ್ದು!

21ನೇ ಅಧ್ಯಾಯದಲ್ಲಿ ಸ್ಥೂಲರ ಮಾತು ವಿವರವಾಗಿ ಬರುತ್ತದೆ. ಆ ಅಧ್ಯಾಯದ ಹೆಸರೇ ನೋಯಿಸುವಂಥದ್ದು, ಅಷ್ಟೌನಿಂದಿತೀಯ. ಜನ ನಿಂದಿಸುವ ಎಂಟು ಬಗೆಯ ಮೈಗಳು: ಅತಿ ಎತ್ತರ, ಅತಿ ಗಿಡ್ಡ, ಮೈತುಂಬ ಕೂದಲು, ಕೂದಲೇ ಇಲ್ಲದ್ದು, ತೀರಾ ಕಪ್ಪು, ತೀರಾ ಬಿಳುಪು, ಅತಿ ದಪ್ಪ, ಅತಿ ಸಣಕಲು. ಆದರೆ ಮುಂದಕ್ಕೆ ಓದಿದರೆ ಚರಕನಿಗೆ ನಿಂದೆಯಲ್ಲಿ ಆಸಕ್ತಿಯಿಲ್ಲ. ದಪ್ಪವಾಗಲು ಅತಿಯಾದ ಊಟ, ಸಿಹಿ, ಹಗಲುನಿದ್ದೆ, ವ್ಯಾಯಾಮವಿಲ್ಲದ್ದು, ಚಿಂತೆಯಿಲ್ಲದ್ದು ಎಂದು ಕಾರಣ ಹೇಳುತ್ತ ಬೀಜಸ್ವಭಾವವನ್ನೂ ಸೇರಿಸುತ್ತಾನೆ. ತಂದೆತಾಯಿಯಿಂದ ಬಂದದ್ದು ಎಂದು. ಇನ್ನೊಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ಸ್ಥೂಲನ ಎಂಟು ದೋಷಗಳಲ್ಲಿ ಅತಿಯಾದ ಹಸಿವೂ ಒಂದು. ಕೊಬ್ಬು ದಾರಿ ಕಟ್ಟಿದ್ದರಿಂದ ವಾಯು ಹೊಟ್ಟೆಯಲ್ಲೇ ಸುತ್ತುತ್ತ ಅಗ್ನಿಯನ್ನು ಊದುತ್ತದೆ, ಕಾಡ್ಗಿಚ್ಚು ಕಾಡನ್ನು ಸುಟ್ಟಂತೆ ಅವೆರಡೂ ಅವನನ್ನು ಸುಡುತ್ತವೆ ಎನ್ನುತ್ತಾನೆ. ವಿವರಣೆ ಇವತ್ತಿನದಲ್ಲ. ಆದರೆ ದಪ್ಪಗಿರುವವರ ಹಸಿವನ್ನು ಹೊಟ್ಟೆಬಾಕತನ ಎನ್ನದೆ ರೋಗದ ಲಕ್ಷಣ ಎಂದ. ನಮ್ಮ ಮದುವೆಮನೆಗಳ ಪಂಕ್ತಿಗೆ ಅಷ್ಟು ತಿಳಿವಳಿಕೆ ಇನ್ನೂ ಬಂದಿಲ್ಲ. ಅಕ್ಕ ಎರಡನೇ ಸಲ ಅನ್ನ ಹಾಕಿಸಿಕೊಂಡರೆ ಪಕ್ಕದವರು ನೋಡುವ ನೋಟ ನನಗೆ ಗೊತ್ತಿದೆ.

ಅವನು ಹೇಳಿದ ಪಥ್ಯ ತಿರುಗಿ ಬರುವುದು ನಮ್ಮ ಅಡುಗೆಮನೆಗೇ: ಹೊಟ್ಟೆ ತುಂಬಿಸಬೇಕು, ಮೈ ತುಂಬಿಸಬಾರದು. ಜವೆ, ಹೆಸರು, ಹುರುಳಿ. ಹುರುಳಿಕಟ್ಟಿನ ಸಾರು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಅದರ ಜೊತೆ ನಾವು ಗುಡ್ಡೆ ಹಾಕಿಕೊಳ್ಳುವ ಅನ್ನದ ಬಗ್ಗೆ ಬೇಕಾದರೆ ಹೇಳಬಹುದು.

ಇಪ್ಪತ್ತನೇ ಶತಮಾನದಲ್ಲಿ ಈ ಕೆರೆಯುವ ಕೆಲಸವನ್ನು ಮಾತ್ರೆಗಳು ಕೈಗೆತ್ತಿಕೊಂಡವು, ಮತ್ತು ಆ ಚರಿತ್ರೆ ಚೆನ್ನಾಗಿಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಮುಟ್ಟುತ್ತಿದ್ದ ಕೂಲಿಗಳು ಜ್ವರ ಬಂದು, ಸೊರಗಿ, ಕೆಲವರು ಸತ್ತೇ ಹೋದರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಅದನ್ನೇ ತೂಕ ಇಳಿಸುವ ಔಷಧಿ ಎಂದು ತೋರಿಸಿದರು. ಜನ ಮುಗಿಬಿದ್ದರು. ಕಣ್ಣಿಗೆ ಪೊರೆ ಬಂತು, ಸಾವುಗಳಾದವು, 1938ರಲ್ಲಿ ನಿಂತಿತು. ಆಮೇಲೆ ಆಂಫೆಟಮಿನ್. ಆಮೇಲೆ ಫೆನ್-ಫೆನ್ ಎಂಬ ಜೋಡಿ ಮಾತ್ರೆ, ಹೃದಯದ ಕವಾಟ ಕೆಡುತ್ತದೆ ಎಂದು ಗೊತ್ತಾಗಿ 1997ರಲ್ಲಿ ಅದರ ಫೆನ್‌ಫ್ಲುರಮಿನ್ ಮಾರುಕಟ್ಟೆಯಿಂದ ಹೋಯಿತು. ಸಿಬುಟ್ರಮಿನ್ 2010ರಲ್ಲಿ ಅಮೆರಿಕ, ಯುರೋಪಿನಿಂದ ಹೊರಬಿತ್ತು, 2011ರಲ್ಲಿ ಭಾರತವೂ ನಿಷೇಧಿಸಿತು. ಪ್ರತಿ ಸಲವೂ ಮೊದಲು ಕೊಂಡವರು ಮೈ ತೆಳ್ಳಗಾಗಲಿ ಎಂದು ಆಸೆಪಟ್ಟವರು. ತೊಂದರೆ ಏನೆಂದು ಗೊತ್ತಾದದ್ದೂ ಅವರ ಮೈಯಿಂದಲೇ.

ಹಾಗಾದರೆ ಈ ಹೊಸ ಸೂಜಿ? ಇದರ ದಾರಿ ಬೇರೆ. ಊಟವಾದ ಮೇಲೆ ನಮ್ಮ ಕರುಳಿನಲ್ಲಿ ಜಿಎಲ್‌ಪಿ-1 ಎಂಬ ಹಾರ್ಮೋನು ಒಸರುತ್ತದೆ. ಇನ್ಸುಲಿನ್ ಹೆಚ್ಚಿಸುತ್ತದೆ, ಹೊಟ್ಟೆ ನಿಧಾನಕ್ಕೆ ಖಾಲಿಯಾಗುವಂತೆ ಮಾಡುತ್ತದೆ, ಸಾಕು ಎಂದು ಮಿದುಳಿಗೆ ಹೇಳುತ್ತದೆ. ನಮ್ಮ ಮೈಯಲ್ಲಿ ಅದರ ಆಯಸ್ಸು ಕೆಲವೇ ನಿಮಿಷ. ಅದರಂತೆಯೇ ನಡೆದುಕೊಂಡು ವಾರಗಟ್ಟಲೆ ಉಳಿಯುವ ಅಣುವೇ ಸೆಮಾಗ್ಲುಟೈಡ್. 2021ರಲ್ಲಿ ಪ್ರಕಟವಾದ 1961 ಜನರ ಅಧ್ಯಯನದಲ್ಲಿ, 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. 2023ರಲ್ಲಿ ಬಂದದ್ದು ಇನ್ನೂ ಮುಖ್ಯ: ಹೃದ್ರೋಗವಿದ್ದ, ತೂಕ ಹೆಚ್ಚಿದ್ದ 17,604 ಜನರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವು ಒಟ್ಟಾರೆ ಶೇ 20ರಷ್ಟು ಕಡಿಮೆಯಾದವು. ಹಿಂದಿನ ಈ ಮಾತ್ರೆಗಳು ಹೃದಯವನ್ನು ಕಾಪಾಡಿರಲಿಲ್ಲ, ಕೆಲವಂತೂ ಕೆಡಿಸಿದ್ದವು. ಹಾಗೆಂದು ಇದಕ್ಕೂ ಬಾಲವಿಲ್ಲದೆ ಇಲ್ಲ. ವಾಕರಿಕೆ, ವಾಂತಿ, ಮಲಬದ್ಧತೆ, ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮತ್ತು ನಿಲ್ಲಿಸಿದರೆ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೇ ಎರಡು ಪಾಲು ವಾಪಸು ಬರುತ್ತದೆ. ಬಿ.ಪಿ. ಮಾತ್ರೆಯ ಹಾಗೆ ಬಹುಕಾಲ ಬೇಕಾಗುವ ಔಷಧಿ ಇದು.

"ಬಾಯಿ ಕಟ್ಟಿದರೆ ಸಾಕು, ಸೂಜಿ ಯಾಕೆ" ಎನ್ನುವವರಿಗೆ ನಾನು ಮೈಸೂರಿನ ಕಥೆ ಹೇಳುತ್ತೇನೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಕರೆಯುವ ಹಾಗೆ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟುಕೊಂಡು ಬಂದಿತ್ತು. ದಶಕಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ನಡುವೆ ಹುಟ್ಟಿ ಆಗ ನಡುವಯಸ್ಸು ದಾಟುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇ 11ರಷ್ಟು ಜನಕ್ಕೆ ಹೃದ್ರೋಗ, ಮೂರು ಕೆ.ಜಿ. ಚಿಲ್ಲರೆ ಮೀರಿದವರಲ್ಲಿ ಶೇ 3. ತಾಯಿ ಸರಿಯಾಗಿ ಉಂಡಿರದಿದ್ದರೆ, ಬಸುರಿನಲ್ಲಿ ಕೂಸು ಬೆಳೆಯದಿದ್ದರೆ, ಅದರ ಬಾಕಿ ಐವತ್ತು ವರ್ಷದ ನಂತರ ಎದೆಯಲ್ಲಿ ವಸೂಲಾಗುತ್ತಿತ್ತು. ನಮ್ಮಮ್ಮ ಅಕ್ಕನನ್ನು ಹೊತ್ತಿದ್ದಾಗ ಗದ್ದೆ ನಾಟಿಗೆ ಹೋಗಿದ್ದಳು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡಳು. ಆ ಲೆಕ್ಕ ಅಕ್ಕನ ಮೈಯಲ್ಲಿ ಎಲ್ಲೋ ಇರಬಹುದು ಎಂದು ನನಗೆ ಅನ್ನಿಸುತ್ತದೆ. ಬಾಯಿ ಕಟ್ಟದ್ದಕ್ಕೆ ಬಂದ ರೋಗ ಎಂದು ಅವಳಿಗೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಹಾಗಾಗಿ ಔಷಧಿ ಬೇಕು ಎಂಬ ಪಕ್ಷ ನನ್ನದು. ವ್ಯಾಪಕವಾಗಿ ಬೇಕೇ ಎಂದರೆ, ರೋಗವಿರುವವರಿಗೆ ವ್ಯಾಪಕವಾಗಿ. ಮದುವೆಗೆ ಮುಂಚೆ ಐದು ಕೆ.ಜಿ. ಇಳಿಸಲು, ಫೋಟೋಗೆ ಕಾಣಿಸಲು, ಡಾಕ್ಟರ ಚೀಟಿಯಿಲ್ಲದೆ ಕೌಂಟರಿನಲ್ಲಿ ಸಿಗುವ ಹಾಗೆ ಖಂಡಿತ ಬೇಡ. ಡೈನೈಟ್ರೋಫಿನಾಲಿನ ಗ್ರಾಹಕರು ಅದೇ ದಾರಿಯಲ್ಲಿ ಹೋದವರು. 2025ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗುಂಪಿನ ಔಷಧಿಗಳನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದಾಗಲೂ, ಟೈಪ್ 2 ಮಧುಮೇಹದ ಜೊತೆಗೆ ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ, ಬೊಜ್ಜು ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಸೇರಿಸಿತು.

ಕಷ್ಟ ಬರುವುದು ಕೋಡಿಯ ಮಠದ ಪ್ರಶ್ನೆಗೆ. ಇದೇ ಬಗೆಯ ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ಮೌಂಜಾರೋ ಹೆಸರಿನಲ್ಲಿ ಭಾರತಕ್ಕೆ ಬಂದಾಗ ಅತಿ ಕಡಿಮೆ ಡೋಸಿನ ಒಂದು ಸೀಸೆಗೆ 3,500 ರೂಪಾಯಿ. ವಾರಕ್ಕೊಂದು ಸೀಸೆ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಒಂದು ವಾರದ ಔಷಧಿಗೆ ಒಂಬತ್ತೂವರೆ ದಿನದ ಕೂಲಿ. ಭಾರತದಲ್ಲಿ ಸೆಮಾಗ್ಲುಟೈಡಿನ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ. ಅದರಾಚೆ ನಮ್ಮ ಕಂಪನಿಗಳೂ ತಯಾರಿಸಬಹುದು, ಬೆಲೆ ಇಳಿಯುತ್ತದೆ. ಇಳಿದ ಬೆಲೆಯ ಲಾಭ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ಸಿಗುತ್ತದೋ, ಜಾಹೀರಾತಿಗೆ ಸಿಗುತ್ತದೋ ಎಂಬುದು ಸರ್ಕಾರ ತೀರ್ಮಾನಿಸಬೇಕಾದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದ ಹೆಂಗಸರಲ್ಲಿ ಶೇ 30ರಷ್ಟು ಮಂದಿಗೆ ತೂಕ ಹೆಚ್ಚು, ಶೇ 17ರಷ್ಟು ಮಂದಿಗೆ ತೀರಾ ಕಡಿಮೆ. ಒಂದೇ ಬೀದಿಯಲ್ಲಿ, ಕೆಲವು ಸಲ ಒಂದೇ ಮನೆಯಲ್ಲಿ. ಅನ್ನ ಮತ್ತು ಮದ್ದನ್ನು ಒಂದೇ ಸಾಲಿನಲ್ಲಿ ಬರೆದ 1162ರ ಆ ಕವಿಗೆ ಇದು ವಿಚಿತ್ರ ಎನ್ನಿಸುತ್ತಿತ್ತೋ ಏನೋ.

ಜಕ್ಕಿಯಬ್ಬೆಯನ್ನು ಈ ಚರ್ಚೆಗೆ ಎಳೆದದ್ದು ಸರಿಯೇ ಎಂದು ನಾನೇ ಕೇಳಿಕೊಂಡಿದ್ದೇನೆ. ಅವಳ ವ್ರತಕ್ಕೂ ಅಕ್ಕನ ಸೂಜಿಗೂ ಹೋಲಿಕೆಯಿಲ್ಲ. ಒಂದು ದೇಹ ಬಿಡುವುದಕ್ಕೆ, ಇನ್ನೊಂದು ಉಳಿಸಿಕೊಳ್ಳುವುದಕ್ಕೆ. ಆದರೂ ಬಂದಳಿಕೆಯ ಶಾಸನದಲ್ಲಿ ಒಂದು ವಿಷಯವಿದೆ. ರೋಗ ಬಂದಾಗ ಅವಳು ಮೊದಲು ಮಗಳನ್ನು ಕರೆಸಿದಳು. ತನ್ನ ಮೈಯ ತೀರ್ಮಾನ ತಾನೇ ಮಾಡಿದಳು, ಮನೆಯವರಿಗೆ ತಿಳಿಸಿ ಮಾಡಿದಳು.

ಸೊರಬ ತಲುಪಿದಾಗ ಮಧ್ಯಾಹ್ನ. ಅಕ್ಕನಿಗೆ ಇದೆಲ್ಲ ಹೇಳಲಿಲ್ಲ. ಪಿತ್ತಕೋಶದ್ದು, ಥೈರಾಯ್ಡ್ ಗ್ರಂಥಿಯದ್ದು ಹಳೆಯ ತೊಂದರೆ ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರಿಗೆ ತಿಳಿಸು, ಬೇಳೆ ಮೊಟ್ಟೆ ಬಿಡಬೇಡ, ದಿನಾ ನಡೆ, ಶುರು ಮಾಡಿದರೆ ನಡುವೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದೆ. ದುಡ್ಡಿನ ಮಾತು ಬಂದಾಗ ಭಾವ ಅಡಿಕೆ ರೇಟಿನ ಮಾತು ತೆಗೆದರು. ಅಡಿಕೆ ಇರುವ ಮನೆ, ಹೇಗೋ ನಡೆಯುತ್ತದೆ. ಅವರ ತೋಟಕ್ಕೆ ಕೆಲಸಕ್ಕೆ ಬರುವ ಹೆಂಗಸಿಗೂ ಸಕ್ಕರೆ ಕಾಯಿಲೆಯಿದೆ, ಅವಳಿಗೂ ಮಂಡಿನೋವು. ಅವಳಿಗೆ ಈ ಸೂಜಿಯ ಹೆಸರೂ ಯಾರೂ ಹೇಳಿಲ್ಲ.

ಶುರು ಮಾಡಿ ಮೂರನೇ ವಾರಕ್ಕೆ ಅಕ್ಕ ಮತ್ತೆ ಫೋನು ಮಾಡಿದಳು. "ಅಕ್ಕಿರೊಟ್ಟಿ ಹಾಕಿದ್ದೆ ಮಾರಾಯ, ಒಂದಕ್ಕೇ ಸಾಕಾತು. ಇನ್ನೊಂದು ಕೆಲಸದವ್ಳಿಗೆ ಕೊಟ್ಟೆ, ಬೆಳಗಿಂದ ಏನೂ ತಿಂದಿರ್ಲಿಲ್ವಂತೆ."