ಕೈದಿಯ ಕೊನೆಗಾಲಕ್ಕೆ ಕೈದಿಯ ಆಸರೆ: ಒಂದು ಚರಿತ್ರೆ

ಜೈಲಿನಲ್ಲಿ ಕೈದಿಯೊಬ್ಬ ಸತ್ತರೆ ವೈದ್ಯಾಧಿಕಾರಿ ಏನೇನು ಬರೆದಿಡಬೇಕೆಂದು ಬ್ರಿಟಿಷ್ ಇಂಡಿಯಾದ 1894ರ ಕಾರಾಗೃಹ ಕಾಯ್ದೆಯ 15ನೇ ಕಲಂ ಹೇಳುತ್ತದೆ: ಕಾಯಿಲೆಯೆಂದು ಮೊದಲು ಹೇಳಿಕೊಂಡ ದಿನ, ಅಂದು ಮಾಡುತ್ತಿದ್ದ ಕೆಲಸ, ಅಂದಿನ ಊಟದ ಪ್ರಮಾಣ, ಆಸ್ಪತ್ರೆಗೆ ಸೇರಿಸಿದ ದಿನ, ವೈದ್ಯರು ಕೊನೆಯ ಸಲ ನೋಡಿದ ಹೊತ್ತು, ಪ್ರಾಣ ಹೋದ ಹೊತ್ತು. ಪಕ್ಕದಲ್ಲಿ ಯಾರಿದ್ದರೆಂದು ಬರೆಯಲು ಅಂಕಣವಿಲ್ಲ. ಜೈಲಿನ ಕಾವಲಿಗೂ ಆಸ್ಪತ್ರೆಯ ಚಾಕರಿಗೂ ಕೈದಿಗಳನ್ನೇ ಹಚ್ಚುವುದು ಆ ಕಾಲದ ರೂಢಿ. ಸಾಯುವವನ ಬಾಯಿಗೆ ನೀರು ಬಿಟ್ಟವನು ಬಹುಮಟ್ಟಿಗೆ ಇನ್ನೊಬ್ಬ ಕೈದಿಯೇ ಆಗಿರಬೇಕು ಎಂಬುದು ನನ್ನ ಊಹೆ.

ಇಂಥ ಸೇವೆ ವ್ಯವಸ್ಥೆಯ ರೂಪ ಪಡೆದದ್ದು ಅಮೆರಿಕದಲ್ಲಿ. ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ಫೆಡರಲ್ ಜೈಲು ಆಸ್ಪತ್ರೆಯಲ್ಲಿ 1987ರಲ್ಲಿ ಅದು ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಫ್ಲೀಟ್ ಮೌಲ್ ಆಗ ಸ್ವತಃ ಶಿಕ್ಷೆ ಅನುಭವಿಸುತ್ತಿದ್ದವರು. ಲೂಯಿಸಿಯಾನದ ಅಂಗೋಲ ಜೈಲಿನಲ್ಲಿ 1998ರಲ್ಲಿ ಆರಂಭವಾದ ಆರೈಕೆ ಕೇಂದ್ರ ಇನ್ನೂ ಹೆಚ್ಚು ಪ್ರಸಿದ್ಧ. ಆ ರಾಜ್ಯದಲ್ಲಿ ಜೀವಾವಧಿ ಎಂದರೆ ಪೆರೋಲ್ ಇಲ್ಲದ ಶಿಕ್ಷೆ. ಒಳಹೋದವರಲ್ಲಿ ಬಹುಪಾಲು ಜನ ಅಲ್ಲೇ ಮುದುಕರಾಗಿ ಸಾಯುತ್ತಾರೆ. ಸ್ವಯಂಸೇವಕ ಕೈದಿಗಳು ತರಬೇತಿ ಪಡೆದು ರೋಗಿಯ ಮೈ ಒರೆಸುತ್ತಾರೆ, ತುತ್ತು ಉಣಿಸುತ್ತಾರೆ, ಕೌದಿ ಹೊಲಿಯುತ್ತಾರೆ. ಕೊನೆಯ ದಿನಗಳಲ್ಲಿ ಹಗಲೂ ರಾತ್ರಿ ಸರದಿಯಂತೆ ಪಕ್ಕದಲ್ಲೇ ಕೂರುತ್ತಾರೆ. ಶವಪೆಟ್ಟಿಗೆ ಮಾಡುವವರೂ ಕೈದಿಗಳೇ. ತಮಗೂ ಮುಂದೆ ಇದೇ ಹಾಸಿಗೆ ಎಂದು ಗೊತ್ತಿದ್ದೇ ಅವರು ಈ ಕೆಲಸ ಹೊತ್ತವರು. ಯಾವ ಶಿಕ್ಷಣವೂ ಇಷ್ಟು ಆಳವಾಗಿ ಮನುಷ್ಯನನ್ನು ಮುಟ್ಟಲಾರದೆಂದು ನಾನು ನಂಬುತ್ತೇನೆ.

ಕರ್ನಾಟಕದ ಚರಿತ್ರೆಯಲ್ಲಿ ನೆನಪಾಗುವುದು ಬೇರೆಯೇ ಘಟನೆ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬೆಂಗಳೂರು ಜೈಲು ಸೇರಿದರು. ಅವರಿಗೆ ತೀವ್ರ ಆಸ್ತಮಾ. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ರಾತ್ರಿಯ ಮೌನದಲ್ಲಿ ಅವರ ಚೀತ್ಕಾರ ಕೇಳಿದ್ದಾಗಿ ಬರೆದಿದ್ದಾರೆ. ಕೇಳಿದವರು ಎದ್ದು ಹೋಗುವಂತಿರಲಿಲ್ಲ; ನಡುವೆ ಬೀಗ. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ಅವರು ತೀರಿಕೊಂಡರು.

ಕೈದಿಯೇ ಕೈದಿಯನ್ನು ನೋಡಿಕೊಳ್ಳುವ ವ್ಯವಸ್ಥೆ ನಮ್ಮಲ್ಲಿ ಬೇರೂರದಿರಲು ಒಂದು ಕಾರಣ ಕಾನೂನಿನಲ್ಲೇ ಇದೆ. ಬಂಧನದಲ್ಲಿ ಸಾವಾದರೆ, ಅದು ಸಹಜ ಸಾವಾದರೂ, ಮ್ಯಾಜಿಸ್ಟ್ರೇಟರ ವಿಚಾರಣೆ ಇದೆ. 1993ರಿಂದ ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೆ 24 ಗಂಟೆಯೊಳಗೆ ವರದಿಯೂ ಹೋಗಬೇಕು. ಹಿಂಸೆ ತಡೆಯಲು ಇದು ಅಗತ್ಯವೇ. ಆದರೆ ಈ ವಿಚಾರಣೆಯ ಅಂಜಿಕೆಯಲ್ಲಿ ಸಾಯುವವನನ್ನು ಹೊರಗಿನ ಆಸ್ಪತ್ರೆಗೆ ಸಾಗಿಸಿಬಿಡುವುದು ಜೈಲಿನವರಿಗೆ ಸಲೀಸು. ಅಲ್ಲಿ ಪಕ್ಕದಲ್ಲಿರುವುದು ಕಾವಲಿನ ಪೊಲೀಸ್ ಮಾತ್ರ. ವರ್ಷಗಟ್ಟಲೆ ಒಂದೇ ಬ್ಯಾರಕ್‌ನಲ್ಲಿ ಮಲಗಿದ ಗೆಳೆಯನಿಗೆ ಪ್ರವೇಶವಿಲ್ಲ.

2024ರ ಡಿಸೆಂಬರ್ 10ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ವೃದ್ಧ ಹಾಗೂ ಮಾರಣಾಂತಿಕ ಕಾಯಿಲೆಯ ಕೈದಿಗಳ ಬಿಡುಗಡೆಗೆ ನೆರವಾಗುವ ಅಭಿಯಾನ ಆರಂಭಿಸಿತು. ಮನೆ ಇದ್ದವರಿಗೆ ಅದು ದೊಡ್ಡ ಉಪಕಾರ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದ ಲೈನ್ ಮನೆಗೆ ಹೀಗೊಬ್ಬ ಮರಳಿದನೆಂದುಕೊಳ್ಳಿ. ಹಣ್ಣು ಕೊಯ್ಲಿನ ಕಾಲದಲ್ಲಿ ಮನೆಮಂದಿಯೆಲ್ಲ ಬೆಳಿಗ್ಗೆಯೇ ಕೂಲಿಗೆ ಹೋಗುತ್ತಾರೆ. ಹಾಸಿಗೆ ಹಿಡಿದವನ ಹತ್ತಿರ ಕೂತವರ ಅಂದಿನ ಕೂಲಿ ಹೋಯಿತು. ಹಾಸನದ ಆಸ್ಪತ್ರೆಗೆ ಒಯ್ಯುವುದೆಂದರೆ ಇನ್ನೊಂದು ದಿನದ ಕೂಲಿ. ಎಷ್ಟೋ ವರ್ಷಗಳ ಹಿಂದೆಯೇ ಸಂಬಂಧ ಕಡಿದುಕೊಂಡ ಮನೆಗಳೂ ಉಂಟು. ಅಂಥವನಿಗೆ ಜೈಲಿನೊಳಗೇ ನಂಬಿಕೆಯ ಆರೈಕೆ ಬೇಕು.

ಅದನ್ನು ಕಲಿಸಬಲ್ಲವರು ದೂರದಲ್ಲಿಲ್ಲ. 1993ರಲ್ಲಿ ಕಲ್ಲಿಕೋಟೆಯಲ್ಲಿ ಶುರುವಾದ ಉಪಶಾಮಕ ಆರೈಕೆ ಚಳವಳಿ ಊರಿನ ಸಾಮಾನ್ಯರನ್ನೇ ತರಬೇತುಗೊಳಿಸಿ ರೋಗಿಗಳ ಮನೆಗೆ ಕಳಿಸಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು, ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತುವುದು ಶಿಕ್ಷೆಯಾದವನಿಗೂ ಬರುವ ಕೆಲಸ. ನೋವು ತಗ್ಗಿಸುವ ಮಾರ್ಫಿನ್ ಮಾತ್ರ ವೈದ್ಯರ, ದಾದಿಯರ ಕೈಯಲ್ಲೇ ಇರಲಿ.