ಮುರಕಲ್ಲಿನ ಗೋಡೆ, ಮಡಲಿನ ಮಾಡು

ಗೃಹಸಾಲದ ಕಡತಗಳಲ್ಲಿ ‘ಗೋಡೆ ಮುರಕಲ್ಲಿನದು’ ಎಂದು ಎಷ್ಟು ಸಲ ಬರೆದಿದ್ದೇನೋ! ಮಲಯಾಳಿ ಮಿತ್ರರಿಗೆ ಇದೇ ಚೆಂಗಲ್ಲು. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಲ್ಲಿರುವಾಗ ಕೊಡಲಿಗೆ ಬಗ್ಗುವ ಈ ಕಲ್ಲು ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಉರಿಯುವಂಥದ್ದು ಇದರಲ್ಲಿ ಏನೂ ಇಲ್ಲ.

ಆದರೂ ಮನೆಗಳು ಸುಡುತ್ತಿದ್ದವು. ಬಡವರ ಮಣ್ಣಿನ ಗೋಡೆಯೇನೂ ಉರಿಯುತ್ತಿರಲಿಲ್ಲ. ಕಿಡಿ ಹಾರಿ ಬೀಳುತ್ತಿದ್ದುದು ಮುಳಿಹುಲ್ಲು, ಮಡಲುಗಳ ಮಾಡಿನ ಮೇಲೆ. ಮರದ ಮನೆಗಳ ಲಂಡನ್ 1666ರಲ್ಲಿ ಸುಟ್ಟಾಗ, ಮರುವರ್ಷವೇ ಇಟ್ಟಿಗೆ ಅಥವಾ ಕಲ್ಲಿನ ಗೋಡೆ ಕಡ್ಡಾಯವಾಯಿತು. ಆಮೇಲೆ ನಿಕೊಲಾಸ್ ಬಾರ್ಬನ್ ತೆರೆದ ವಿಮಾ ಕಚೇರಿ ಇಟ್ಟಿಗೆಯ ಮನೆಗೆ ಬಾಡಿಗೆಯ ಶೇಕಡಾ 2.5, ಮರದ ಮನೆಗೆ 5 ವಸೂಲು ಮಾಡಿತು. ಲೆಕ್ಕ ಸರಿಯೇ, ಆದರೆ ಇಮ್ಮಡಿ ಕಟ್ಟಬೇಕಾದವನು ಯಾರು?

ನಮ್ಮಲ್ಲಿ ಪ್ರಶ್ನೆ ಗೋಡೆಯದಲ್ಲ, ಹಂಚಿನದು. ಹಳೆಯ ಮಲಬಾರಿನಲ್ಲಿ ಹಂಚು ದೇವಸ್ಥಾನ, ಅರಮನೆಗಳಿಗೆ ಮೀಸಲು. ಉಳಿದವರಿಗೆ ಅರಸನ ಅಪ್ಪಣೆ ಬೇಕಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಅಪ್ಪಣೆಯ ಜಾಗಕ್ಕೆ ದುಡ್ಡು ಬಂತು. ಕೊಳ್ಳಬಲ್ಲವರ ಮಾಡು ಕೆಂಪಾಯಿತು. ಕೂಲಿಯವರ ಬಿಡಾರಗಳ ಮೇಲೆ ಮಡಲು ಬಹುಕಾಲ ಉಳಿಯಿತು.